ಬುಟ್ಟಿಯೊಳಗಿನ ಹುಂಜ

ತತ್ತಿ ಒಡೆಯುವ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ನನ್ನ ಹಳೆಯ ಚಟ. ಒಳಗೆ ಗುಳುಗುಳು ಎಂದರೆ ಕೆಟ್ಟಿದೆ, ಸುಮ್ಮನಿದ್ದರೆ ನೆಟ್ಟಗಿದೆ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟ ನನ್ನ ವಿದ್ಯೆ ಅಷ್ಟೇ. ಮನುಷ್ಯರನ್ನೂ ಹೀಗೆ ಅಲ್ಲಾಡಿಸಿ ನೋಡುವಂತಿದ್ದರೆ ಎಷ್ಟೋ ಲಗ್ನಗಳು ತಪ್ಪುತ್ತಿದ್ದವು ಎಂದು ಒಮ್ಮೆ ಅಂದದ್ದಕ್ಕೆ ನನ್ನ ಅಳಿಯ ಭಾಳ ದಿನ ನನ್ನೊಂದಿಗೆ ಮಾತು ಬಿಟ್ಟಿದ್ದ.

ಆ ಅಳಿಯ ಮರಾಠಿ ಸೀಮೆಯ ಪಿಂಪ್ರಿಯ ಕಾರ್ಖಾನೆ ಬಿಟ್ಟು, ನನ್ನ ಮಗಳು ಗಂಗಾಳೊಡನೆ ಹಡಪಸರದ ಆಚೆ ತುಸು ಹೊಲ ಹಿಡಿದು ಕಾಯಿಪಲ್ಯ ಬೆಳೆಯತೊಡಗಿದಾಗ, ನಾನೂ ಗಂಟು ಕಟ್ಟಿಕೊಂಡು ಕಲಬುರಗಿ ಕಡೆಯಿಂದ ಬಂದೆ. ಇಲ್ಲಿಯ ವ್ಯವಹಾರ ಕಂಡು ನಾನು ದಂಗಾದೆ. ಶಹರದೊಳಗಿನ ಕ್ಯಾಂಪಿನ ಕಡೆಯ ಕೆಲವು ಮನೆಯವರು ಬೀಜ ಬಿತ್ತುವ ಮೊದಲೇ ತಮ್ಮ ಪಾಲಿನ ರೊಕ್ಕ ಕಟ್ಟಿ, ಆಮೇಲೆ ಪ್ರತಿ ರವಿವಾರ ಬಂದು, ಹೊಲ ಕೊಟ್ಟಷ್ಟನ್ನು ಹಂಚಿಕೊಂಡು ಒಯ್ಯುತ್ತಿದ್ದರು. ಹುಟ್ಟದ ಬದನೆಕಾಯಿಯ ಮೇಲೆ ಇಷ್ಟು ವಿಶ್ವಾಸ ಇಡುವ ಜನ ಹುಟ್ಟಿದ ಗಂಡಂದಿರ ಮೇಲೆ ಎಷ್ಟು ಇಟ್ಟಿದ್ದಾರೋ ಎಂದು ನನಗೆ ಕುತೂಹಲ.

ಅವರ ಪಾಲಿನಲ್ಲಿ ತತ್ತಿಯೂ ಇತ್ತು; ಕೋಳಿಗಳ ಉಸ್ತುವಾರಿ ನನ್ನದು. ತಳವಿಲ್ಲದ ಜಾಳಿಗೆಯ ಪಂಜರವನ್ನು ದಿನಾ ಮುಂಜಾನೆ ಹೊಸ ಹುಲ್ಲಿನ ಮೇಲಕ್ಕೆ ಎಳೆಯುತ್ತಿದ್ದೆ. ಅವು ಕೆದರಿ ಹಿಕ್ಕೆ ಹಾಕಿ ಬಿಟ್ಟ ಜಾಗದಲ್ಲಿ ಮುಂದೆ ಮೆಂತ್ಯ ಸೊಕ್ಕಿ ಬೆಳೆಯುತ್ತಿತ್ತು. ಸಂಜೆ ಬಾಗಿಲು ತೆರೆದರೆ ಹೇಂಟೆಗಳು ಹೊಲಕ್ಕೆ ನುಗ್ಗುತ್ತಿದ್ದವು. ನಮ್ಮ ಕೆಂಪು ಹುಂಜ ಮಾತ್ರ ಹದ್ದಿಗಾಗಿ ಒಂದು ಕಣ್ಣನ್ನು ಸದಾ ಆಕಾಶಕ್ಕೆ ಇಟ್ಟಿರುತ್ತಿದ್ದ.

ಒಂದು ರವಿವಾರ ಮೊದಲ ಸಲ ಪಂಜರದ ತನಕ ಬಂದು ಆ ಹುಂಜನನ್ನು ಕಂಡ ಸರೋಜಾಬಾಯಿ ಎದೆ ಹಿಡಿದುಕೊಂಡರು. ಪಾಲು ಕಟ್ಟಿದವರಲ್ಲಿ ಒಬ್ಬರು, ಕ್ಯಾಂಪಿನಲ್ಲಿ ಬಟ್ಟೆ ಅಂಗಡಿ ಇಟ್ಟ ಬಾಗಲಕೋಟೆ ಕಡೆಯವರು. ಮಾಂಸದ ನೆರಳೂ ಸೋಕದ ಮನೆತನ. ಡಾಕ್ಟರರ ಮಾತಿಗೆ ಸೋತು ಮೊಮ್ಮಗಳಿಗೆಂದು ಬಾಲ್ಕನಿಯಲ್ಲಿ ಬೇರೆ ಸ್ಟೋವ್, ಬೇರೆ ಪಾತ್ರೆ ಇಟ್ಟು ತತ್ತಿ ಬೇಯಿಸಲು ಆರಂಭಿಸಿ, ಕಾಲಕ್ರಮದಲ್ಲಿ ತಾವೂ ತಟ್ಟೆ ಹಿಡಿದು ಅದೇ ಬಾಲ್ಕನಿಗೆ ಹೋಗಿ ನಿಲ್ಲತೊಡಗಿದ್ದರು.

"ಅಮ್ಮಾ, ಇದೇನ್ರಿ, ಹುಂಜಾನೂ ಇಟ್ಟೀರಿ?"

"ಇಷ್ಟು ಹೆಣ್ಣುಮಕ್ಕಳ ನಡುವ ಒಬ್ಬ ಗಂಡಸು ಬ್ಯಾಡೇನವಾ?"

"ಹುಂಜ ಇರಲಾರದ ತತ್ತಿ ಶಾಕಾಹಾರರೀ! ಹುಂಜ ಮುಟ್ಟಿದ್ದಂದ್ರ ಅದರಾಗ ಜೀವ ಬರ್ತದ. ಇಷ್ಟು ದಿನ ನಾವು ಜೀವ ತಿಂದಂಗಾತಲ್ರಿ!"

ಜೊತೆಗಿದ್ದ ಮರಾಠಿ ಹೆಂಗಸರು "ಅಗಂ ಬಾಯಿ!" ಎಂದು ಗಲ್ಲಕ್ಕೆ ಕೈಹಚ್ಚಿದರು. ಹುಂಜ ಇದ್ದರೆ ಮುಂದಿನ ಹಂಗಾಮಿಗೆ ತಾವಿಲ್ಲ ಎಂದು ಅರ್ಧದಷ್ಟು ಮನೆಯವರು ಹೇಳಿಯೇಬಿಟ್ಟರು. ಗಂಗಾಳ ಮುಖ ಸಣ್ಣದಾಯಿತು.

"ಅವ್ವಾ, ಹುಂಜ ಹೋಗ್ಲಿ. ಹೊಲ ಉಳೀಲಿ."

ಅವನ ಕಾಲಿಗೆ ದಾರ ಕಟ್ಟಿ ಹಿತ್ತಲಿಗೆ ಒಯ್ದೆ. ಊರಿನಿಂದ ಬೀಗರು ಬಂದ ದಿನ ಸಾರು ಮಾಡುವುದೆಂದು ತೀರ್ಮಾನ. ಕೋಳಿ ಕೊಯ್ಯಲು ನನ್ನ ಕೈ ನಡುಗುವುದಿಲ್ಲ. ಆದರೆ ಮೈಗಳ್ಳನನ್ನು ಕೊಯ್ಯುವುದು ಬೇರೆ, ಮೈಮುರಿದು ಕಾವಲು ಕಾಯುವವನನ್ನು ಕೊಯ್ಯುವುದು ಬೇರೆ.

ಅದೇ ವಾರ ಕಪ್ಪು ಹೇಂಟೆ ಕಾವಿಗೆ ಕೂತಳು. ಹುಂಜನಿಲ್ಲದ ತತ್ತಿಯಲ್ಲಿ ಏನಿದ್ದೀತು, ಕೂತು ಕೂತು ಬೇಸತ್ತು ತಾನೇ ಏಳಲಿ ಎಂದು, ಆ ದಿನಗಳ ತತ್ತಿಗಳನ್ನೇ ಅವಳ ಕೆಳಗೆ ಬಿಟ್ಟೆ. ಮೂರು ವಾರವಾದರೂ ಏಳಲಿಲ್ಲ. ಕೊಳೆತಿರಬೇಕೆಂದು ತಿಪ್ಪೆಗೆ ಎಸೆಯಲು ಒಂದನ್ನು ಎತ್ತಿ, ಹಳೆಯ ಚಟದಂತೆ ಕಿವಿಗೆ ಹಿಡಿದೆ.

ಚಿಂವ್ ಎಂದಿತು.

ಅದನ್ನು ಮೆಲ್ಲಗೆ ಕಪ್ಪು ಹೇಂಟೆಯ ಕೆಳಗೇ ಇಟ್ಟೆ. ಹುಟ್ಟಿದಂದಿನಿಂದ ಕೋಳಿಗಳ ನಡುವೆ ಬೆಳೆದವಳು, ತಲೆಯೊಳಗಿನದೆಲ್ಲ ಬರಿದಾದಂತೆ ಅಲ್ಲೇ ಕುಕ್ಕರಿಸಿದೆ. ದನದ ಡಾಕ್ಟರರು ಕೇಳಿ ಬಿದ್ದು ಬಿದ್ದು ನಕ್ಕರು. ಹುಂಜ ದೂರಾದ ಮೇಲೂ ಒಂದೆರಡು ವಾರ ಅವನ ಬೀಜ ಹೇಂಟೆಯ ಹೊಟ್ಟೆಯಲ್ಲಿ ಉಳಿದಿರುತ್ತದಂತೆ! ನನಗೆ ಹೇಗೆ ಗೊತ್ತಿರಬೇಕು? ನಮ್ಮೂರಲ್ಲಿ ಅವರಿಬ್ಬರನ್ನು ಅಗಲಿಸುವ ಕೆಲಸ ಯಾರಿಗೆ ಬಿದ್ದಿತ್ತು?

ರವಿವಾರ ಹುಲ್ಲಿನ ಮೇಲೆ ಓಡಾಡುವ ಮರಿಗಳನ್ನು ಕಂಡು ಸರೋಜಾಬಾಯಿ ಕೈಜೋಡಿಸಿದರು.

"ಹುಂಜ ಇಲ್ಲದ ಮರಿ! ಪವಾಡ ಆತಲ್ರಿ ಅಮ್ಮಾ!"

ಕಪ್ಪು ಹೇಂಟೆಗೆ ಅರಿಷಿಣ ಕುಂಕುಮ ಏರಿಸಿಯಾರೆಂದು ಹೆದರಿ, ಗಂಗಾ ಹಿಂದಿನಿಂದ ಚಿವುಟುತ್ತಿದ್ದರೂ, ಡಾಕ್ಟರರು ಹೇಳಿದ್ದನ್ನು ಇದ್ದಂತೆ ಹೇಳಿಬಿಟ್ಟೆ. ಸರೋಜಾಬಾಯಿ ನೀರಿನ ಹೌದಿನ ಕಟ್ಟೆಯ ಮೇಲೆ ಕೂತರು.

"ಅಂದ್ರ... ಹುಂಜನ್ನ ತೆಗದ ಮ್ಯಾಲೆ ನಾವು ತಿಂದದ್ದು..."

"ಅವೂ ಅವನವ."

ಹೊಲ ಹೋಯಿತು ಎಂದು ಗಂಗಾ ಕಣ್ಣು ಮುಚ್ಚಿಕೊಂಡಳು. ಆಗಲೇ ಹದ್ದಿನ ನೆರಳು ಹುಲ್ಲಿನ ಮೇಲೆ ಹಾಯಿತು. ಹಿತ್ತಲಲ್ಲಿ ಕಟ್ಟಿದ್ದ ಹುಂಜ ಗಂಟಲು ಹರಿಯುವಂತೆ ಕಿರುಚಿಕೊಂಡ. ಮರಿಗಳೆಲ್ಲ ತಾಯಿಯ ರೆಕ್ಕೆಯಡಿ ಮಾಯವಾದವು. ಸರೋಜಾಬಾಯಿ ಹಿತ್ತಲ ಕಡೆ ಬೆರಳು ಮಾಡಿದರು.

"ಅವನ್ನ ಏನ್ ಮಾಡ್ತೀರಿ?"

"ನಾಡದು ಬೀಗರು ಬರ್ತಾರ. ಸಾರು."

"ಸಾರಾ? ಇಷ್ಟು ಮಕ್ಕಳ ತಂದೀನ? ಏನು ಕಲ್ಲು ಎದಿರೀ ನಿಮ್ಮದು! ಬಿಡ್ರಿ ಅವನ್ನ." ಆಮೇಲೆ ದನಿ ತಗ್ಗಿಸಿದರು. "ಆದ್ರ ನಾ ಬಂದಾಗ ಕಣ್ಣಿಗೆ ಬೀಳಬಾರ್ದು. ಮತ್ತ ನೀವು ಇನ್ನ ಮ್ಯಾಲೆ ನನಗ ಏನೂ ತಿಳಿಸಿ ಹೇಳಬಾರ್ದು."

ಬೀಗರಿಗೆ ಎಣ್ಣಿಬದನೆಕಾಯಿ ತಿನ್ನಿಸಿದೆ. ಅವರ ಮುಖ ನೋಡುವಂತಿತ್ತು.

ಸರೋಜಾಬಾಯಿ ಒಪ್ಪಿದ ಮೇಲೆ ಉಳಿದ ಮನೆಯವರೂ ತಕರಾರು ಬಿಟ್ಟರು. ಅಂದಿನಿಂದ ರವಿವಾರ ಸರೋಜಾಬಾಯಿಯ ರಿಕ್ಷಾ ಸಪ್ಪಳವಾದೊಡನೆ ನಾನು ಹುಂಜನ ಮೇಲೆ ದೊಡ್ಡ ಬುಟ್ಟಿ ಕವುಚುತ್ತೇನೆ. ನನ್ನ ಚಟ ಈಗ ಅವರಿಗೂ ಅಂಟಿದೆ. ಮೊನ್ನೆ ಬುಟ್ಟಿಯ ಪಕ್ಕದಲ್ಲೇ ನಿಂತು, ತತ್ತಿಯೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಅದೇ ಹೊತ್ತಿಗೆ ಬುಟ್ಟಿ ಹೊಲವೆಲ್ಲ ಕೇಳುವಂತೆ ಕೂಗಿತು.

"ಏನೂ ಕೇಳಸವಲ್ದರೀ ಅಮ್ಮಾ," ಎಂದರು ಸರೋಜಾಬಾಯಿ, ತತ್ತಿಯನ್ನು ಚೀಲಕ್ಕೆ ಹಾಕುತ್ತ.

"ನನಗೂ ಏನೂ ಕೇಳಸಲಿಲ್ಲವ್ವಾ," ಎಂದೆ.