ಎಂಟು ಗೆರೆಯ ಹೆಸರು

ನಮ್ಮಪ್ಪ ನಿವೃತ್ತ ಲೆಕ್ಕದ ಮೇಷ್ಟ್ರು. ಕಾರು ಓಡಿಸಲು ಬಾರದು, ಕಾರು ಕಂಪನಿಗಳ ಹೆಸರಿನ ಹುಚ್ಚು ಮಾತ್ರ ವಿಪರೀತ. ಪೇಪರಿನ ಪುರವಣಿಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರು. ಒಂದು ಕಂಪನಿಗೆ ವಾಯುಪುತ್ರನ ಹೆಸರು, ಕೊರಿಯಾದ ಒಂದರ ಹೆಸರಿಗೆ ಆಧುನಿಕ ಕಾಲ ಎಂಬ ಅರ್ಥ, ಜರ್ಮನಿಯ ಇನ್ನೊಂದು ಕಂಪನಿ ತನ್ನ ಸ್ಥಾಪಕನ ಮನೆತನದ ಹೆಸರನ್ನೇ ಲ್ಯಾಟಿನ್ನಿಗೆ ತಿರುಗಿಸಿಕೊಂಡಿದೆಯಂತೆ. ಊಟಕ್ಕೆ ಕೂತರೂ ಅದೇ ಪುರಾಣ.

“ಸಾರು ಆರೋಗುತ್ತೆ, ಮೊದ್ಲು ಊಟ ಮಾಡಿ,” ಎಂದು ಅಮ್ಮ ಗದರುತ್ತಿದ್ದಳು. ನನಗೆ ನಗು.

ಆ ನಗು ನಿಂತದ್ದು, ಬಿಟಿಎಂ ಲೇಔಟಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಡ್ರೈವರ್ ಜಪಾನಿ ಕಂಪನಿಯ ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿದ ದಿನ. ಬನಶಂಕರಿ ಗುಡಿಯಲ್ಲಿ ಪೂಜೆಯಾಗಿತ್ತು, ನಿಂಬೆಹಣ್ಣೂ ಕಟ್ಟಿತ್ತು. ಅಪ್ಪನಿಗೆ ಸಮಾಧಾನವಿಲ್ಲ.

“ಜಪಾನಿಯಲ್ಲಿ ಬರೆದ್ರೆ ಎಂಟು ಗೆರೆ ಬರ್ಲಿ ಅಂತ ಹೆಸರನ್ನೇ ತಿದ್ದಿಕೊಂಡ ಕಂಪನಿ ಅದು. ಅವ್ರಿಗೆ ಎಂಟು ಶುಭ. ನಮ್ಗೆ ಎಂಟು ಅಂದ್ರೆ ಶನಿ!”

ನಂಬರ್ ಪ್ಲೇಟಿನ ಅಂಕಿಗಳನ್ನೂ ಕೂಡಿದರು. ಅದೂ ಎಂಟು. ಅವರ ಮುಖ ಕಪ್ಪಿಟ್ಟಿತು. ಮನೆಯವರು ಯಾರೂ ಆ ಗಾಡಿ ಹತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಅಂದಿನಿಂದ ಗೇಟು ದಾಟುವಾಗ ನನಗೂ ಅಳುಕು. ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತಲೇ ಗಾಡಿಗೆ ಸೆರಗೂ ತಾಕದಂತೆ ಓಡಾಡುತ್ತಿದ್ದೆ.

ಒಂದು ಬೆಳಿಗ್ಗೆ ಅಮ್ಮ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಕೈಯಿಂದ ಪುಡಿ ಜಾರಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ನನ್ನ ಕೂಗಿಗೆ ಡ್ರೈವರ್ ಓಡಿಬಂದು ಗಾಡಿಯ ಬಾಗಿಲು ತೆರೆದರು.

“ಅವ್ವಾರನ್ನ ಕುಂದರಸ್ರಿ ಸರ, ಹತ್ತು ನಿಮಿಷದಾಗ ದವಾಖಾನಿ ಮುಟ್ಟಸ್ತೀನಿ.”

“ಬೇಡ,” ಎಂದರು ಅಪ್ಪ. ನನ್ನ ಕಡೆ ತಿರುಗಿ, “ಓಡು, ಆಟೋ ತಗೊಂಡ್ಬಾ.”

ನಾನು ಓದಿದವಳು. ಆಗಲ್ಲ ಎನ್ನಬಹುದಿತ್ತು. ಓಡಿದೆ. ಮೂವರು ಆಟೋದವರು ಆಸ್ಪತ್ರೆಯಿದ್ದ ಬನ್ನೇರುಘಟ್ಟ ರಸ್ತೆಗೆ ಬರುವುದಿಲ್ಲ ಎಂದರು. ನಾಲ್ಕನೆಯವರನ್ನು ಕರೆತಂದಾಗ ಅಮ್ಮನ ಬಲಗೈ ಆಗಲೇ ಜೋತುಬಿದ್ದಿತ್ತು. ಅಪ್ಪ ಬಗ್ಗಿ ಆಟೋದ ನಂಬರ್ ಕೂಡಿದರು.

“ಐದು. ಪರ್ವಾಗಿಲ್ಲ, ಹತ್ಸು.”

ಇನ್ನೂ ಬೇಗ ಬರಬೇಕಿತ್ತು ಎಂದು ಡಾಕ್ಟರು ಹೇಳಿದಾಗ ಅಪ್ಪ ನೆಲ ನೋಡಿದರು. ನಾನೂ ನೋಡಿದೆ.

ಅಮ್ಮ ಆರು ವರ್ಷ ಬದುಕಿದಳು. ನನ್ನನ್ನು ಕಂಡಾಗಲೆಲ್ಲ ಕರೆಯಲು ತುಟಿ ಅಲುಗಿಸುತ್ತಿದ್ದಳು. ನನ್ನ ಹೆಸರು ಒಮ್ಮೆಯೂ ಹೊರಡಲಿಲ್ಲ.