ಬಣ್ಣಗೆಟ್ಟ ಪೆನ್ನುಗಳು

ಅಣ್ಣನಿಗೆ ಒಂದು ನಿಜ ಹೇಳಬೇಕಿತ್ತು. ಎಷ್ಟೋ ವರ್ಷ ನಾನು ಹೇಳಲಿಲ್ಲ.

ಅವನು ಜಗಳೂರು ಬಸ್ಸಿನ ಕಂಡಕ್ಟರ್ ಆಗಿದ್ದ. ದಾರಿಯ ಊರುಗಳ ಹಳೇ ಮೇಷ್ಟ್ರುಗಳ ಹತ್ತಿರ ಅವರ ಕಾಲದ ಇಂಕ್ ಪೆನ್ನುಗಳನ್ನು ಕೇಳಿ ತರುತ್ತಿದ್ದ. ಮನೆಗೆ ಬಂದವನೇ ಹೆಬ್ಬೆರಳಿನ ಉಗುರಿನ ಮೇಲೆ ನಿಬ್ಬು ಎಳೆದು ನೋಡುತ್ತಿದ್ದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಹೆಸರು ದುಂಡಗೆ ಬರೆಯಲು ಕಲಿತದ್ದು ಆ ಪೆನ್ನುಗಳಿಂದಲೇ. ನಾನು ಒತ್ತಿ ಬರೆದರೆ, "ನಿಧಾನವ್ವ, ಅದಕ್ಕೂ ವಯಸ್ಸಾಗೈತೆ" ಎನ್ನುತ್ತಿದ್ದ.

ಒಂದು ಆಯುಧಪೂಜೆಗೆ ಅವು ಹೊಳೆಯಲೆಂದು ಕುದಿಯುವ ನೀರಿಗೆ ಸೋಪಿನ ಪುಡಿ ಹಾಕಿ ತೊಳೆದೆ. ಗಟ್ಟಿ ರಬ್ಬರಿನ ಆ ಕಪ್ಪು ಪೆನ್ನುಗಳೆಲ್ಲ ಬಿಸಿಗೆ ಕೆಸರಿನ ಬಣ್ಣಕ್ಕೆ ತಿರುಗಿದವು. ಒರೆಸಿ ಡಬ್ಬಿಯಲ್ಲಿಟ್ಟು ಸುಮ್ಮನಾದೆ.

"ಪಾಲಿಶ್ ಮಾಡಾಕೆ ಕೊಟ್ರೆ ಏನೋ ಬಳಿದು ಕೆಡಿಸ್ಯಾನೆ," ಎಂದು, ಹಬ್ಬಕ್ಕೆ ಡಬ್ಬಿ ತೆರೆದ ಅಣ್ಣ, ಹಿಂದಿನ ತಿಂಗಳು ಅವನ್ನು ಪಾಲಿಶ್ ಮಾಡಿಕೊಟ್ಟಿದ್ದ ಹೊನ್ನಾಳಿಯ ಪೆನ್ನು ರಿಪೇರಿ ತಾತನ ಮೇಲೆ ಸಿಟ್ಟಾದ. ವಾರಕ್ಕೊಮ್ಮೆ ತಾತನ ಜೊತೆ ಚಹಾ ಕುಡಿಯುತ್ತಿದ್ದವನು ಆಮೇಲೆ ಆ ಬೀದಿಗೂ ಕಾಲಿಡಲಿಲ್ಲ.

ಮೊನ್ನೆ ಆ ತಾತ ತೀರಿಕೊಂಡ ಸುದ್ದಿ ಬಂತು.

"ಅಂಥೋನ ಮಣ್ಣಿಗೆ ನಾನ್ಯಾಕೆ ಹೋಗ್ಲಿ?" ಎಂದ ಅಣ್ಣ.

ಅವನ ಚಪ್ಪಲಿಗಳನ್ನು ತಂದು ಮುಂದಿಟ್ಟೆ.

"ಆತ ಏನೂ ಮಾಡಿಲ್ಲಣ್ಣ. ಬಿಸಿನೀರಾಗೆ ತೊಳೆದು ಕೆಡಿಸಿದಾಕೆ ನಾನು. ನೀನು ಬೈತೀಯಂತ ಹೆದರಿ ಆತನ್ನ ಕೆಟ್ಟೋನ ಮಾಡಿದೆ. ತಪ್ಪಾತಣ್ಣ."