ಮಾವನ ಮೀಸೆಯ ಹುಳ

ಹಳೇ ಸೇತುವೆಗೆ ಇಳಿಯುವ ರಸ್ತೆಯ ತಿರುವಿನಲ್ಲಿ ಎರಡು ಕುರ್ಚಿಯ ಒಂದು ಸಲೂನು. ಅದರ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಅದು ಬಾಗಿಲ ಮೇಲಿನ ಬೋರ್ಡಿನಿಂದಲೂ ಅಳಿಸಿಹೋಗಿ ಎಷ್ಟೋ ವರ್ಷವಾಯಿತು. ಊರಿಗೆಲ್ಲ ಅವನು ಹುಳದಣ್ಣ. ಈ ಹೆಸರು ಕೇಳಿದ ಹೊಸ ಗಿರಾಕಿಗಳು ಕುರ್ಚಿಗೆ ತಲೆ ಒರಗಿಸಲು ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಹೆದರುವಂಥದ್ದೇನೂ ಇಲ್ಲ. ಅವನ ಹುಳಗಳೆಲ್ಲ ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿವೆ, ಒಂದಕ್ಕೂ ಜೀವವಿಲ್ಲ, ಎಲ್ಲವನ್ನೂ ಅವನೇ ಕೈಯಾರೆ ಕಟ್ಟಿದ್ದಾನೆ.

ಅಕ್ಕಿಕಾಳಿನಷ್ಟು ಗಾಳದ ಕೊಕ್ಕೆಯನ್ನು ಒಂದು ಪುಟ್ಟ ಹಿಡಿಕೆಯಲ್ಲಿ ಸಿಕ್ಕಿಸಿ, ಅದಕ್ಕೆ ದಾರ ಸುತ್ತಿ, ಬಾಲಕ್ಕೆ ಮೂರೆಳೆ ಕೂದಲು, ಮೈಗೆ ಉಣ್ಣೆ, ಕತ್ತಿಗೆ ಕೋಳಿಗರಿ ಕಟ್ಟಿ, ಕೊನೆಯ ಗಂಟಿನ ಮೇಲೆ ಒಂದು ಹನಿ ಉಗುರುಬಣ್ಣ ಇಟ್ಟರೆ ಒಂದು ಹುಳ ಆಯಿತು. ನೀರ ಮೇಲೆ ಬಿಟ್ಟರೆ ಮೀನು ಅದನ್ನು ನಿಜವಾದ ಹುಳ ಎಂದು ನಂಬಬೇಕು. ಟ್ರೌಟ್ ಮೀನು ಸುಲಭಕ್ಕೆ ನಂಬುವುದಿಲ್ಲ. ಬಟ್ಟೆಯಂಗಡಿಗೆ ಹೋದ ದೊಡ್ಡತ್ತಿಗೆಯ ಹಾಗೆ ಮುಟ್ಟಿಯೂ ಮುಟ್ಟದೆ ನೋಡಿ, ಮೂತಿ ತಿರುಗಿಸಿ ಹೋಗುತ್ತದೆ. ಬಾಸ್ ಮೀನಿಗೆ ಅಷ್ಟೆಲ್ಲ ಬಿಗುಮಾನವಿಲ್ಲ. ಬಾಟಲಿಯ ಬಿರಡೆಗೆ ಹಳೇ ಶೇವಿಂಗ್ ಬ್ರಷ್ಷಿನ ಕೂದಲು ಅಂಟಿಸಿ 'ಇದು ಕಪ್ಪೆ' ಎಂದರೆ, ಆಗಲಿ ಎಂದು ನುಂಗಿಬಿಡುತ್ತದೆ.

ಈ ಹುಚ್ಚಿಗೆ ಬಲಿಯಾದ ಮನೆಯ ಸಾಮಾನು ಒಂದೆರಡಲ್ಲ. ಗರಿಯ ಧೂಳುಪೊರಕೆ ಬೋಳಾಗಿ ಬರೀ ಕೋಲು ಉಳಿದಿದೆ. ಹೆಂಡತಿಯ ಉಗುರುಬಣ್ಣ ಉಗುರಿಗೆ ತಲುಪಿದ್ದು ಕಡಿಮೆ. ಅವಳ ತಿಳಿಹಸಿರು ಸ್ವೆಟರಿನ ಎರಡೂ ಮೊಣಕೈ ಮಾಯವಾದ ದಿನ ಅವಳು ಸಲೂನಿಗೇ ಬಂದು ನಿಂತಳು.

"ನೀವು ನನ್ನ ಸ್ವೆಟರ್ ನೋಡಿನೇ ನನ್ನನ್ನ ಮದುವೆ ಆಗಿದ್ದು ಅಂತ ಈಗ ಗೊತ್ತಾಯ್ತು."

"ಛೆ ಛೆ, ಆಗ ನಿನ್ನ ಹತ್ರ ಈ ಸ್ವೆಟರ್ ಎಲ್ಲಿತ್ತು," ಎಂದ ಹುಳದಣ್ಣ. ಅವನ ಮಟ್ಟಿಗೆ ಅದು ಸಮಾಧಾನದ ಮಾತು.

ಇಷ್ಟೆಲ್ಲ ಮಾಡುವ ಮನುಷ್ಯ ಜನ್ಮದಲ್ಲಿ ಒಂದು ಮೀನೂ ಹಿಡಿದವನಲ್ಲ. ಜೀವಂತ ಮೀನು ಕಂಡರೆ ಅವನಿಗೆ ಮೈ ಜುಮ್ಮೆನ್ನುತ್ತದೆ. ಜಾರುತ್ತದೆ, ರೆಪ್ಪೆ ಮಿಟುಕಿಸುವುದಿಲ್ಲ. "ಗಿರಾಕಿ ಆದ್ರೆ ಕನ್ನಡೀಲಿ ಮುಖ ನೋಡಿದ್ರೆ ಒಪ್ಪಿಗೆ ಆಯ್ತೋ ಇಲ್ವೋ ಗೊತ್ತಾಗುತ್ತೆ. ಮೀನಿನ ಮುಖ ನೋಡಿ ಏನಂತ ತಿಳ್ಕೊಳ್ಳೋದು," ಎನ್ನುತ್ತಾನೆ. ಹಾಗಾಗಿ ಅವನ ಹುಳಗಳೆಲ್ಲ ಎದುರುಗಡೆಯ ಗಾಳದಂಗಡಿಗೆ ಹೋಗುತ್ತವೆ. ಅಲ್ಲಿಂದ ಯಾರು ಯಾರದೋ ಕೈಸೇರಿ ನದಿಗೆ ಹೋಗುತ್ತವೆ. ಇವನು ಸಲೂನಿನ ಬಾಗಿಲಲ್ಲಿ ನಿಂತು, ಮಗಳನ್ನು ಗಂಡನ ಮನೆಗೆ ಕಳಿಸಿದವನಂತೆ ನೋಡುತ್ತಾನೆ.

ಆದರೆ ಒಬ್ಬರ ಗಾಳಕ್ಕೆ ಮಾತ್ರ ಇವನ ಹುಳ ಏರಿರಲಿಲ್ಲ. ಅವರು ಇವನ ಹೆಂಡತಿಯ ಅಪ್ಪ, ಗಾರ್ಡ್ ಮಾವ. ಮೂವತ್ತೈದು ವರ್ಷ ಹಸಿರು ಬಾವುಟ ಬೀಸಿ ರೈಲು ಬಿಟ್ಟವರು, ನಿವೃತ್ತಿಯಾದ ಮೇಲೆ ಅದೇ ಗತ್ತಿನಲ್ಲಿ ಗಾಳ ಬೀಸುತ್ತಿದ್ದರು. ಹೊರದೇಶದ ಹುಳ ಬಿಟ್ಟರೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ. "ಪೊರಕೆ ಪುಡಿ ಕಟ್ಟಿದ್ರೆ ಹುಳ ಆಗುತ್ತೇನಪ್ಪ? ಮೀನಿಗೂ ಮಾನ ಇರುತ್ತೆ," ಎಂದು ಇಪ್ಪತ್ತೆರಡು ವರ್ಷದಲ್ಲಿ ಕಡಿಮೆಯೆಂದರೆ ನೂರು ಸಲ ಹೇಳಿದ್ದರು. ಅದನ್ನಾದರೂ ಹುಳದಣ್ಣ ನುಂಗಿಕೊಂಡಿದ್ದ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಇನ್ನೊಂದು. 'ಅಳಿಯ ಅಲ್ಲ, ಮಗಳ ಗಂಡ' ಎಂದು ಜನ ತಮಾಷೆಗೆ ಹೇಳುವ ಮಾತನ್ನು ಗಾರ್ಡ್ ಮಾವ ಕಾನೂನಿನಂತೆ ಪಾಲಿಸುತ್ತಿದ್ದರು. ಯಾರಾದರೂ ಇವನು ಯಾರು ಎಂದರೆ, "ಇವ್ನಾ? ನನ್ನ ಮಗಳ ಗಂಡ." ಅಷ್ಟೇ. ಒಂದು ಸಲವೂ ಅಳಿಯ ಎಂದದ್ದಿಲ್ಲ. ಆ ಒಂದು ಮಾತು ಅವರ ಬಾಯಿಂದ ಬರಲಿ ಎಂದು ಇವನು ಆಸೆಪಟ್ಟಷ್ಟು ಬೇರೆ ಯಾವುದಕ್ಕೂ ಆಸೆಪಟ್ಟವನಲ್ಲ.

ಮಾತು ಬರಬೇಕಾದ ಆ ಬಾಯಿಯ ಮೇಲೆ ಮೀಸೆ ಇತ್ತು. ಸಾಮಾನ್ಯದ ಮೀಸೆಯಲ್ಲ. ಎರಡೂ ಕಡೆ ಅರ್ಧ ಕೆನ್ನೆ ಆಕ್ರಮಿಸಿ, ತುದಿಯಲ್ಲಿ ಮೇಲಕ್ಕೆ ತಿರುಗಿದ್ದು. ದಿನಕ್ಕೆ ಏಳು ಲೋಟ ಚಹಾದಲ್ಲಿ ಅದ್ದಿ ಅದ್ದಿ ಅದಕ್ಕೊಂದು ಬಣ್ಣ ಬಂದಿತ್ತು. ಬುಡದಲ್ಲಿ ಬೂದಿ, ನಡುವೆ ಕಂದು, ತುದಿಯಲ್ಲಿ ಕೆಂಚು. ಪ್ರತಿ ಸೋಮವಾರ ಸಲೂನಿಗೆ ರಜೆ. ಆ ದಿನ ಮಾವ ಬಂದು ಕುರ್ಚಿಯಲ್ಲಿ ಕೂತು, "ತುದಿ ಮಾತ್ರ ಸಮ ಮಾಡು," ಎಂದು ಅಪ್ಪಣೆ ಕೊಟ್ಟು, ಎರಡನೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದರು.

ಸೇತುವೆಯ ಕೆಳಗಿನ ಮಡುವಿನಲ್ಲಿ ಒಂದು ಮುದಿ ಟ್ರೌಟ್ ಇತ್ತು. ಎಲ್ಲವನ್ನೂ ತಿಂದು ಕೊಬ್ಬಿದ್ದರೂ ಯಾರ ಕೈಗೂ ಸಿಗದೆ ಜಾಗ ಬಿಡದೆ ಕೂತಿದ್ದರಿಂದ ಅದಕ್ಕೆ 'ಅಧ್ಯಕ್ಷರು' ಎಂದು ಹೆಸರಾಗಿತ್ತು. ಗಾರ್ಡ್ ಮಾವ ಆರು ವರ್ಷದಿಂದ ಅಧ್ಯಕ್ಷರ ಬೆನ್ನು ಹತ್ತಿದ್ದರು. ಬೇಸಿಗೆಯ ಎರಡು ತಿಂಗಳು ಕಂದು ಬಣ್ಣದ ಒಂದು ಸಣ್ಣ ಹುಳ ಸಂಜೆಹೊತ್ತು ನದಿಯ ಮೇಲೆ ಏಳುತ್ತದೆ. ಆಗ ಅಧ್ಯಕ್ಷರು ಅದನ್ನು ಬಿಟ್ಟು ಬೇರೆ ಏನನ್ನೂ ಮೂಸುತ್ತಿರಲಿಲ್ಲ. ಆ ಬಣ್ಣದ ಹುಳ ಹೊರದೇಶದ ಡಬ್ಬಿಯಲ್ಲೂ ಇರಲಿಲ್ಲ.

ಒಂದು ಸೋಮವಾರ ಆ ಕಂದು ಹುಳವೇ ಹಾರಿ ಬಂದು ಸಲೂನಿನ ಕನ್ನಡಿಯ ಮೇಲೆ ಕೂತಿತು. ಹುಳದಣ್ಣ ಕತ್ತರಿ ಹಿಡಿದೇ ಬಗ್ಗಿ ನೋಡಿದ. ಬಾಲದಲ್ಲಿ ಮೂರೆಳೆ. ಬುಡದಲ್ಲಿ ಬೂದಿ, ನಡುವೆ ಕಂದು, ತುದಿಯಲ್ಲಿ ಕೆಂಚು. ಈ ಬಣ್ಣ ಎಲ್ಲೋ ನೋಡಿದ್ದೇನಲ್ಲ ಎಂದು ತಲೆ ಎತ್ತಿದರೆ, ಅದೇ ಕನ್ನಡಿಯೊಳಗೆ ಮಾವನ ಮೀಸೆ ಗೊರಕೆಗೆ ಏರಿ ಇಳಿಯುತ್ತಿತ್ತು.

ಮುಂದೆ ಅವನು ಮಾಡಿದ್ದು ತಪ್ಪು. ನಾನೂ ಅದನ್ನು ಸಮರ್ಥಿಸುವುದಿಲ್ಲ. ಆದರೆ ಕೈಯಲ್ಲಿ ಕತ್ತರಿ, ಎದುರಿಗೆ ಮಾಲು, ಮಾಲಿನ ಒಡೆಯ ನಿದ್ದೆಯಲ್ಲಿ; ಎಷ್ಟು ಜನ ಸುಮ್ಮನಿರುತ್ತಿದ್ದರು ಹೇಳಿ. ಎಡಗಡೆಯಿಂದ ಒಂದು ಚಿಟಿಕೆ ತೆಗೆದ. ಅಷ್ಟೇ.

ಸಂಜೆಯೊಳಗೆ ಎರಡು ಹುಳ ಆದವು. ಕೂದಲು ಎಂಥದು ಅಂತೀರಿ. ತಲೆಗೂದಲಾದರೆ ನೀರು ತಾಗಿದೊಡನೆ ಸೋತು ಮಲಗುತ್ತದೆ, ಗಡ್ಡದ್ದು ಸುರುಳಿ ಸುತ್ತುತ್ತದೆ; ಮಾವನ ಮೀಸೆ ಮಾವನ ಹಾಗೆಯೇ ಸೆಟೆದು ನಿಂತಿತ್ತು. ತನ್ನ ಹೆಸರು ಹೇಳಿದರೆ ಮಾವ ಮುಟ್ಟುವುದಿಲ್ಲವೆಂದು ಹುಳದಣ್ಣ ಅವನ್ನು ಗಾಳದಂಗಡಿಯವನ ಕೈಗೆ ಕೊಟ್ಟು, ಹೊರಗಿನಿಂದ ಬಂದದ್ದು ಎಂದಷ್ಟೇ ಹೇಳು ಎಂದು ಬೇಡಿಕೊಂಡ.

ಮಾವ ಅಂಗಡಿಯಲ್ಲೇ ಕನ್ನಡಕ ಹಾಕಿಕೊಂಡು ಆ ಹುಳವನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. ಆಮೇಲೆ, "ಇದಪ್ಪ ಕೈಕೆಲಸ ಅಂದ್ರೆ. ಇದನ್ನ ಕಟ್ಟಿದವನ ಕಾಲಿಗೆ ಬೀಳ್ಬೇಕು," ಎಂದರಂತೆ. ಇದನ್ನು ಕೇಳಿ ಹುಳದಣ್ಣ ಕುಣಿಯಲಾಗದೆ, ಕುರ್ಚಿಯಲ್ಲಿದ್ದ ಗಿರಾಕಿಗೆ ಎರಡು ಸಲ ಸೋಪು ಹಚ್ಚಿದ.

ತೊಂದರೆ ಶುರುವಾದದ್ದು ಅಲ್ಲಿಂದ. ಮಾವ ಒಂದು ಹುಳವನ್ನು ದಂಡೆಯ ಮರಕ್ಕೆ ಸಿಕ್ಕಿಸಿ ಕಳೆದರು, ಇನ್ನೊಂದನ್ನು ಪಾಚಿಗೆ ಕೊಟ್ಟರು. ಅದೇ ಹುಳ ಇನ್ನಷ್ಟು ಬೇಕು ಎಂದು ಅಂಗಡಿಯಲ್ಲಿ ಹಟ ಹಿಡಿದರು. ಅಂಗಡಿಯವ ಇವನಿಗೆ ಹೇಳಿದ. ಇವನು ಸೋಮವಾರಕ್ಕೆ ಕಾದ. ಎಡಗಡೆ ತೆಗೆದದ್ದು ಕಾಣಬಾರದೆಂದು ಬಲಗಡೆ ತೆಗೆದ. ಬಲಗಡೆ ಸ್ವಲ್ಪ ಜಾಸ್ತಿಯಾಯಿತೆಂದು ಮತ್ತೆ ಎಡಗಡೆ. ಬೆಕ್ಕುಗಳಿಗೆ ಬೆಣ್ಣೆ ಹಂಚಲು ಕೂತ ಕೋತಿಯ ಕಥೆ ಅವನು ಮೂರನೇ ತರಗತಿಯಲ್ಲೇ ಓದಿದ್ದ, ಆದರೆ ಆಗ ಮೀಸೆಯ ವಿಷಯ ಯಾರೂ ಹೇಳಿರಲಿಲ್ಲ. ಮಾವ ಹುಳವನ್ನು ಹೊಗಳಿದಷ್ಟೂ ಮೀಸೆ ಸಣ್ಣದಾಯಿತು. ತಮ್ಮ ಮೀಸೆಯನ್ನು ತಾವೇ ಅಂಗಡಿಯಿಂದ ಕೊಂಡು ತಂದು ನದಿಗೆ ಎಸೆಯುತ್ತಿದ್ದರು.

ಮೊದಲು ಗಮನಿಸಿದ್ದು ಅತ್ತೆ. "ಇವರ ಮೀಸೆಗೆ ಏನೋ ಆಗಿದೆ, ದಿನಾ ಒಣಗ್ತಾ ಇದೆ," ಎಂದು ಮಗಳ ಮುಂದೆ ಕಣ್ಣೀರು ಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಹುಳದಣ್ಣ ತನ್ನ ಅಂಗಿಯ ಜೇಬು ಮುಟ್ಟಿಕೊಂಡ. ಅದರಲ್ಲಿ ಮೀಸೆಗೂದಲಿನ ಪೊಟ್ಟಣವಿತ್ತು. ಹೆಂಡತಿ ಜೇಬು ನೋಡಿದಳು, ಗಂಡನ ಮುಖ ನೋಡಿದಳು. ಅಡುಗೆಮನೆಯಲ್ಲಿ ಹಿಡಿದು ಕೇಳಿದಳು.

"ನಮ್ಮಪ್ಪನ ಮೀಸೆನಾ?"

"ಹೂಂ."

"ನನ್ನ ಸ್ವೆಟರ್ ಸಾಕಾಗ್ಲಿಲ್ವಾ?"

"ಅದು ಹಸಿರು ಕಣೇ," ಎಂದ.

ಅವಳು ನಗಬೇಕೋ ಅಳಬೇಕೋ ತಿಳಿಯದೆ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಗೊತ್ತಾದ್ರೆ ನಿಮ್ಮನ್ನ ಮಗಳ ಗಂಡ ಅಂತನೂ ಕರೆಯಲ್ಲ ಅವರು," ಎಂದಳು. ಇವನು ಇನ್ನು ಒಂದೆಳೆಯನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ.

ಅತ್ತೆ ಮಾತ್ರ ಸುಮ್ಮನೆ ಕೂರಲಿಲ್ಲ. ಮೀಸೆಗೆ ಬೆಳಿಗ್ಗೆ ಸಂಜೆ ಹರಳೆಣ್ಣೆ ತಿಕ್ಕತೊಡಗಿದರು. ಆ ಕಡೆ ಮಾವ ಅಂಗಡಿಯಲ್ಲಿ, "ಬಣ್ಣ ಸರಿ ಇದೆ, ಆದ್ರೆ ನಾಲ್ಕು ಸಲ ಬೀಸಿದ್ರೆ ಮುಳುಗುತ್ತೆ. ಅದೊಂದು ಸರಿಮಾಡಿ ಒಂದು ಹುಳ ಕಳಿಸೋಕೆ ಹೇಳು. ಕಂದು ಹುಳ ಏಳೋದು ಇನ್ನೊಂದು ವಾರ ಅಷ್ಟೆ," ಎಂದು ಗೋಗರೆದರು. ಗಾರ್ಡ್ ಮಾವ ಗೋಗರೆದದ್ದನ್ನು ಯಾರೂ ಕೇಳಿರಲಿಲ್ಲ. ಸೋಮವಾರ ಅವರು ಬಂದು ಕೂತಾಗ ಮೂಗಿನ ಕೆಳಗೆ ಹಲ್ಲುಜ್ಜುವ ಬ್ರಷ್ಷಿನಷ್ಟು ಉಳಿದಿತ್ತು, ಎಣ್ಣೆಯಲ್ಲಿ ಮಿರಮಿರ ಹೊಳೆಯುತ್ತಿತ್ತು. ಎಣ್ಣೆ ಹೀರಿದ ಕೂದಲು ನೀರಲ್ಲಿ ಮುಳುಗುವುದಿಲ್ಲ. ಹುಳದಣ್ಣ ಹೆಂಡತಿಗೆ ಕೊಟ್ಟ ಮಾತನ್ನು ನೆನೆದ, ಕಣ್ಣು ಮುಚ್ಚಿದ, ಒಂದು ಚಿಟಿಕೆ ತೆಗೆದ.

ಎರಡು ದಿನದ ಮೇಲೆ ಮಾವನ ಮೊಣಕಾಲು ಹಿಡಿದುಕೊಂಡಿತು. ಕೈಬಲೆ ಹಿಡಿಯಲು ಒಬ್ಬರು ಬೇಕು ಎಂದು ಸಲೂನಿಗೆ ಬಂದರು. ಮೀನು ಕಂಡರಾಗದವನು ಇಲ್ಲ ಎನ್ನಲು ಬಾಯಿ ತೆರೆದು, ಆಗಲಿ ಮಾವ ಎಂದುಬಿಟ್ಟ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಸೇತುವೆಯ ಕೆಳಗೆ ಸಂಜೆಯ ಬಿಸಿಲು ನೀರಿನ ಮೇಲೆ ಓರೆಯಾಗಿ ಬಿದ್ದಿತ್ತು. ಮಾವ ಗಾಳ ಬೀಸಿದರು. ಎಣ್ಣೆಮೀಸೆಯ ಹುಳ ನೀರಿಗೆ ಇಳಿದು, ಮುಳುಗದೆ, ಮೂರೆಳೆಯ ಬಾಲ ಎತ್ತಿಕೊಂಡು ತೇಲುತ್ತ ಮಡುವಿನ ನಡುವಿಗೆ ಹೋಯಿತು. ಅಷ್ಟು ಚೆಂದವಾಗಿ ಅದು ತೇಲುವುದನ್ನು ಕಟ್ಟಿದವನು ಜೀವನದಲ್ಲಿ ಮೊದಲ ಸಲ ನೋಡಿದ. ನೀರಿನಡಿಯಿಂದ ಒಂದು ಕಪ್ಪು ನೆರಳು ಎದ್ದು ಬಂತು. ಒಂದು ಸಲ ಮೂಸಿತು. ಬಾಯಿ ತೆರೆಯಿತು.

ಆಮೇಲಿನ ಕಾಲು ಗಂಟೆ ಯಾರು ಯಾರನ್ನು ಹಿಡಿದರು ಎಂದು ಹೇಳುವುದು ಕಷ್ಟ. ಮಾವ ಹಿಂದಕ್ಕೆ ಬಾಗಿ ಎಳೆದರು, ಅಧ್ಯಕ್ಷರು ಮುಂದಕ್ಕೆ ಎಳೆದರು, ಮಾವ "ಬಲೆ ಹಾಕೋ, ಬಲೆ ಹಾಕೋ" ಎಂದರು. ಹುಳದಣ್ಣ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಲೆ ಹಾಕಿದ. ಅದು ಮಾವನ ತಲೆಯ ಮೇಲೆ ಬಿತ್ತು. ಎರಡನೇ ಸಲ ಕಾಲು ಜಾರಿ ಸೊಂಟದವರೆಗೆ ನೀರಿಗೆ ಕೂತ. ಕೂತಲ್ಲೇ ಬಲೆ ಚಾಚಿದ, ಭಾರವಾದದ್ದೇನೋ ತಾನಾಗಿ ಒಳಗೆ ಬಂದು ಬಿತ್ತು. ಕಣ್ಣು ತೆರೆದರೆ ಅಧ್ಯಕ್ಷರು ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು.

ಮಾವ ನೀರಿಗಿಳಿದು, ಕನ್ನಡಕ ಹಾಕಿಕೊಂಡು, ಮೀನಿನ ತುಟಿಯಿಂದ ಹುಳ ಬಿಡಿಸಿ ಬೆಳಕಿಗೆ ಹಿಡಿದರು. ಬಾಲವನ್ನು ಬೆರಳಲ್ಲಿ ಸವರಿದರು. ಮೂಸಿದರು. ಹರಳೆಣ್ಣೆ. ಅವರ ಇನ್ನೊಂದು ಕೈ ತಾನಾಗಿ ಮೂಗಿನ ಕೆಳಗೆ ಹೋಗಿ, ಅಲ್ಲಿ ಉಳಿದದ್ದನ್ನು ಸವರಿತು.

"ಇದನ್ನ ಕಟ್ಟಿದ್ದು ಯಾರು?"

"ನಾನೇ ಮಾವ."

"ಎಲ್ಲಾನೂ?"

"ಎಲ್ಲಾನೂ. ಮಾಲು ಮಾತ್ರ ನಿಮ್ದು."

ಮಾವ ಹುಳವನ್ನು ಮತ್ತೆ ಮೂಗಿಗೆ ಹಿಡಿದರು. ಹುಳದಣ್ಣ ನೀರಲ್ಲಿ ಕೂತೇ ಇದ್ದ. ಇಪ್ಪತ್ತೆರಡು ವರ್ಷದ ಆಸೆ ಇವತ್ತಿಗೆ ಮುಗಿಯಿತು ಎಂದುಕೊಂಡ, ಅವನಿಗೆ ನಿಜವಾಗಿ ಅಳು ಬಂತು. ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಯಾರೋ ಬಗ್ಗಿ ನೋಡುತ್ತಿದ್ದರು.

"ಭಾರೀ ಮೀನು ಯಜಮಾನ್ರೇ. ಅದ್ಯಾರು, ನೀರಲ್ಲಿ ಕೂತಿರೋದು?"

ಮಾವ ತಲೆ ಎತ್ತಲಿಲ್ಲ. "ನಮ್ಮ ಅಳಿಯ," ಎಂದರು. "ಹುಳ ಕಟ್ಟಿದ್ದು ಅವನೇ."

ಆಮೇಲೆ ಬಲೆಯನ್ನು ಓರೆಮಾಡಿ ಅಧ್ಯಕ್ಷರನ್ನು ಮಡುವಿಗೆ ಬಿಟ್ಟುಬಿಟ್ಟರು. "ಅಧ್ಯಕ್ಷರನ್ನ ಕುರ್ಚಿಯಿಂದ ಇಳಿಸಿಬಿಟ್ರೆ ಮುಂದಿನ ವರ್ಷ ಯಾರ ಜೊತೆ ಜಗಳ ಆಡೋದು," ಎಂದರು. ಅಳಿಯನಿಗೆ ಕೈಕೊಟ್ಟು ಎಬ್ಬಿಸುವಾಗ ದನಿ ತಗ್ಗಿಸಿ, "ಮೀಸೆ ವಿಷಯ ಸೋಮವಾರ ಮಾತಾಡೋಣ," ಎಂದರು.

ಸೋಮವಾರದವರೆಗೆ ಹುಳದಣ್ಣ ಸರಿಯಾಗಿ ಊಟ ಮಾಡಲಿಲ್ಲ. ಮಾವ ಹೇಳಿದ ಹೊತ್ತಿಗೆ ಬಂದರು, ಕುರ್ಚಿಯಲ್ಲಿ ಕೂತರು, ಗದ್ದ ಎತ್ತಿದರು. "ಉಳಿದಿದ್ದನ್ನೂ ತೆಗಿ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಕೆ ಈಗ ಅದೂ ಇಲ್ಲ." ಕ್ಷೌರ ಮುಗಿಯುವವರೆಗೂ ನಿದ್ದೆ ಮಾಡಲಿಲ್ಲ, ಕನ್ನಡಿಯಲ್ಲಿ ಕತ್ತರಿಯ ಮೇಲೇ ಕಣ್ಣಿಟ್ಟಿದ್ದರು. ಎದ್ದ ಮೇಲೆ ಬರಿದಾದ ಮೇಲ್ದುಟಿಯನ್ನು ಒಂದು ಸಲ ಸವರಿಕೊಂಡು, ಬಾಗಿಲ ಕಡೆ ನೋಡಿ, ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಅಳಿಯನ ಅಂಗೈಯಲ್ಲಿಟ್ಟರು. ಒಳಗೆ ಗೇಣುದ್ದದ ಬೆಳ್ಳಿಗೂದಲ ಎಳೆಗಳಿದ್ದವು.

"ಬಾಸ್‌ಗೆ ಈ ಬಣ್ಣ ಆಗುತ್ತಾ ನೋಡು," ಎಂದರು. "ನಿಮ್ಮ ಅತ್ತೆದು. ನಿದ್ದೇಲಿದ್ದಾಗ ಎಡಗಡೆಯಿಂದ ತೆಗ್ದಿದ್ದೀನಿ."